ದೋಣಿಗೆ ಹಾಸಿದ ಹಲಗೆ

ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ತುಮಕೂರಿನ ಆಸ್ಪತ್ರೆಯಿಂದ ಸಿರಾ ಕಡೆಯ ನಮ್ಮೂರಿಗೆ ವಾಪಸಾದಾಗ ಕೆರೆಗೆ ಹೇಮಾವತಿ ನೀರು ಬಂದಿತ್ತು. ಬುದ್ಧಿ ಬಂದಾಗಿನಿಂದ ಆ ಕೆರೆಯಲ್ಲೇ ಮೀನು ಹಿಡಿದವನು ನಾನು. ಆ ವರ್ಷ ಜಗಲಿಯ ಮೇಲೆ ಕೂತು, ಬೇರೆಯವರು ಬಲೆ ಹೊತ್ತು ಹೋಗುವುದನ್ನು ನೋಡುತ್ತಿದ್ದೆ. ಯಾರಾದರೂ "ಹೆಂಗಿದ್ದೀಯಣ್ಣ?" ಅಂದರೆ ಪಂಚೆ ಎಳೆದು ಮೋಟುಗಾಲನ್ನು ಮುಚ್ಚಿಕೊಳ್ಳುತ್ತಿದ್ದೆ.

ದೋಣಿ ನಡೆಸತೊಡಗಿದವಳು ನನ್ನ ಹೆಂಡತಿ. ಪಾವಗಡದ ತಿರುಮಣಿ ಕಡೆಯವಳು. ಕಡ್ಲೆಕಾಯಿ ಹೊಲದಲ್ಲಿ ಬೆಳೆದವಳಿಗೆ ಈಜು ಕೂಡ ಬಾರದು. ಸೀರೆಯ ಮೇಲೆ ನನ್ನ ತುಂಬುತೋಳಿನ ಅಂಗಿ ತೊಟ್ಟು, ನಮ್ಮ ಚಿಕ್ಕ ಫೈಬರ್ ದೋಣಿಯಲ್ಲಿ ಒಬ್ಬಳೇ ಹೋಗುತ್ತಿದ್ದಳು. ಹುಟ್ಟು ಹಾಕುವವಳೂ ಅವಳೇ, ಬಲೆ ಎಳೆಯುವವಳೂ ಅವಳೇ. ಬಲೆಗೆ ಕೈ ಹಾಕಿದರೆ ದೋಣಿ ಗಾಳಿಗೆ ತಿರುಗಿಬಿಡುತ್ತಿತ್ತು.

ಒಂದು ಸಂಜೆ ಅವಳೇ ಮಾತು ತೆಗೆದಳು. "ನೀನೂ ಬಂದ್ಬುಡು. ನಾನು ಹುಟ್ಟು ಹಾಕ್ತೀನಿ, ನೀನು ಬಲೆ ಎಳಿ."

"ದೋಣಿ ತಳ ಗುಂಡಗದೆ ಕಣೆ. ಒಂಟಿಕಾಲಲ್ಲಿ ಹೆಂಗೆ ನಿಂತ್ಕಳ್ಳಿ?"

"ನಿಂತ್ಕೋ ಅಂದೋರ್ಯಾರು? ಮಟ್ಟಸವಾಗಿ ಹಲಗೆ ಹಾಸ್ಬುಡಾನ. ಕುಂತ್ಕಂಡು ಎಳಿ."

ಹಲಗೆಗೆಂದು ಅವಳು ತೋರಿಸಿದ್ದು ತವರಿನಿಂದ ತಂದ ಬೇವಿನ ಮಂಚವನ್ನು. ಬೇಡವೆಂದೆ. "ಆಸ್ಪತ್ರೆಯಿಂದ ಬಂದಾಗಿಂದ ಇಬ್ರೂ ನೆಲದ ಮೇಲೇ ಮಲಗ್ತಿದ್ದೀವಿ. ಪರ್ವಾಲೇದು ಬುಡು" ಎಂದು ತನ್ನೂರಿನ ತೆಲುಗನ್ನೂ ಬೆರೆಸಿ ಹೇಳಿ, ತಾನೇ ಸುತ್ತಿಗೆ ತಂದು ಮಂಚದ ಕೀಲು ಬಿಚ್ಚಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ.

ಕೆಲಸಕ್ಕೆ ಇಳಿದ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು. ನಾನು ಅಳೆದು ಗೆರೆ ಹಾಕುತ್ತಿದ್ದೆ, ಅವಳು ಗರಗಸ ಹಿಡಿಯುತ್ತಿದ್ದಳು. ಫೈಬರಿಗೆ ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಅಡ್ಡಪಟ್ಟಿಗಳಿಗೆ ಗಿಡ್ಡ ಕಾಲುಗಳನ್ನು ಕೂಡಿಸಿ, ಅವುಗಳ ಅಡಿಗೆ ಹಳೆ ಟೈರಿನ ತುಂಡು ಕಟ್ಟಿ ದೋಣಿಯೊಳಗೆ ಇಳಿಸಿದೆವು. ಮೇಲೆ ಹಲಗೆ ಹಾಸಿ, ನೀರು ಇಳಿಯಲು ನಡುನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟೆವು. ಒಂದು ಹಲಗೆಗೆ ಮಾತ್ರ ಸ್ಕ್ರೂ ಹಾಕಲಿಲ್ಲ. ಅದನ್ನೆತ್ತಿ ಒಳಗಿನ ನೀರು ಮೊಗೆಯಬಹುದಿತ್ತು.

ಎತ್ತರದ ವಿಷಯಕ್ಕೆ ಮಾತ್ರ ಜಗಳವಾಯಿತು. ಹಲಗೆ ದೋಣಿಯ ಅಂಚಿನ ಮಟ್ಟಕ್ಕೇ ಬರಲಿ ಎಂದು ನಾನು ಹಟ ಹಿಡಿದೆ. ತಳದಲ್ಲಿ ಕೂತರೆ ಕೆರೆ ಏರಿಯ ಮೇಲಿನವರಿಗೆ ಬರೀ ತಲೆ ಕಾಣುತ್ತದೆ, ಮೂಟೆ ಹಾಕಿಕೊಂಡು ಹೋದಂತೆ ಅನ್ನಿಸುತ್ತದೆ ಎಂಬುದು ನನ್ನ ಸಂಕಟ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಇಷ್ಟೆತ್ತರ ಓಲಾಡಲ್ವಾ?" ಅಂದಳು. "ನಿಂಗೇನ್ ಗೊತ್ತು?" ಅಂದೆ.

ನೀರಿಗೆ ಇಳಿಸಿದ ಬೆಳಗ್ಗೆ ದಡದ ಕೆಸರಲ್ಲಿ ಊರುಗೋಲು ಹೂತುಹೋಯಿತು. ಅವಳು ಬಗ್ಗಿ ಬೆನ್ನು ಕೊಟ್ಟಳು. "ಉಪ್ಪುಮೂಟೆ ಹತ್ಕೋ." ಮೀನು ಕೊಳ್ಳಲು ಬಂದವರು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಒಲ್ಲೆನೆಂದು ಕೆಸರಲ್ಲಿ ತೆವಳಿಕೊಂಡೇ ಹೋಗಿ ದೋಣಿ ಹತ್ತಿದೆ. ಸ್ವಲ್ಪ ದೂರ ಹೋಗಿ ನೀರಲ್ಲಿ ತೇಲುತ್ತಿದ್ದ ಬಲೆಯ ಬೆಂಡಿಗೆ ಕೈ ಚಾಚಿದೆನೋ ಇಲ್ಲವೋ, ದೋಣಿ ಒಂದೇ ಸಲ ಮಗುಚಿ ಇಬ್ಬರೂ ನೀರಿಗೆ ಬಿದ್ದೆವು. ಅಲ್ಲಿ ಎದೆಮಟ್ಟದ ನೀರಿದ್ದದ್ದು ಪುಣ್ಯ. ಅವಳು ಕೆಮ್ಮುತ್ತಾ ಎದ್ದು, ನನ್ನ ತೋಳನ್ನು ಹೆಗಲ ಮೇಲೆ ಎಳೆದುಕೊಂಡು, ಕೊನೆಗೂ ಬೆನ್ನ ಮೇಲೆ ಹೊತ್ತೇ ದಡಕ್ಕೆ ತಂದಳು. ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ನಾನು ಅವಳ ಕತ್ತಿನ ಹಿಂದೆ ಮುಖ ಹುದುಗಿಸಿಕೊಂಡೆ.

ಮನೆಗೆ ಬಂದವನೇ ಕೂಗಾಡಿದೆ. "ಆ ಹಲಗೇನೆಲ್ಲಾ ಒಡ್ದು ಒಲೆಗೆ ಹಾಕು! ಊರೋರ ಮುಂದೆ ಮಾನ ಹೋಯ್ತು."

ಅವಳು ಒದ್ದೆ ಅಂಗಿಯನ್ನು ಹಿಂಡುತ್ತಿದ್ದವಳು ನಿಲ್ಲಿಸಿದಳು. "ನಿಂಗೊಬ್ಬಂಗೇ ನಾಚ್ಕೆ ಅನ್ಕಂಡಿದ್ದೀಯೇನಯ್ಯ? ದಿನಾ ಏರಿ ಮ್ಯಾಲೆ ಗಂಡಸ್ರು ಕುಂತು ನೋಡ್ತಿರ್ತಾರೆ. ಸೀರೆ ನೆಂದು ಮೈಗೆ ಅಂಟ್ಕಂತದೆ ಅಂತ ನಿನ್ನ ಅಂಗಿ ಹಾಕ್ಕಂಡು ಹೋಗ್ತಿದ್ದೀನಿ. ಒಂದಿನಾನಾದ್ರೂ ಕೇಳಿದ್ಯಾ ನೀನು?"

ಬಿಸಿಲಿಗೆಂದು ಹಾಕಿಕೊಳ್ಳುತ್ತಾಳೆ ಎಂದೇ ತಿಳಿದಿದ್ದೆ ನಾನು. ಏರಿಯ ಮೇಲಿನವರ ನಗು ಅಷ್ಟು ಹೊತ್ತು ಚುಚ್ಚಿದ್ದು ನಿಜ. ಆದರೆ ಈಗ ಅವಳ ಮುಖ ನೋಡಲಾರದೆ ತಲೆತಗ್ಗಿಸಿದೆನಲ್ಲ, ಅದು ಬೇರೆಯೇ ನಾಚಿಕೆ.

ಮಾರನೆಯ ದಿನ ಕೆರೆಯ ದಡದಲ್ಲಿ ಕೂತು ಆ ಗಿಡ್ಡ ಕಾಲುಗಳನ್ನೆಲ್ಲ ನಾನೇ ಗರಗಸದಲ್ಲಿ ಕುಯ್ದೆ. ಹಲಗೆ ತಳಕ್ಕೆ ಅಂಟಿದಂತೆ ಇಳಿಯಿತು. ಅವಳು ಬಗ್ಗಿದಾಗ ಸುಮ್ಮನೆ ಬೆನ್ನು ಹತ್ತಿದೆ. ಮೈಯೆಲ್ಲ ಹಿಡಿಯಾದಂತಾಯಿತು. ಆದರೂ ಹತ್ತಿದೆ.

ದೋಣಿ ಅಲುಗಲಿಲ್ಲ. ಅವಳು ಹುಟ್ಟು ಹಾಕಿದಳು, ನಾನು ಬಲೆ ಎಳೆದೆ. ದೊಡ್ಡದೊಂದು ಕಾಟ್ಲಾ ಮೀನು ಹಲಗೆಯ ಮೇಲೆ ಬಿದ್ದು ಪಟಪಟ ಹೊಡೆದುಕೊಳ್ಳತೊಡಗಿತು. ಜಾರಿಹೋದೀತೆಂದು ಎದೆ ಕೊಟ್ಟು ಅದರ ಮೇಲೆ ಬೋರಲಾಗಿ ಬಿದ್ದೆ. ಅವಳು ಹುಟ್ಟು ಬಿಟ್ಟು ನಗತೊಡಗಿದಳು.

ಈಗಲೂ ದಿನಾ ಹೊತ್ತುಕೊಂಡೇ ಹೋಗುತ್ತಾಳೆ. ಏರಿಯ ಕಡೆ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಆದರೆ ದೋಣಿಯಲ್ಲಿ ಕೂತ ಮೇಲೆ, ನಿನ್ನೆ ಏರಿಯ ಮೇಲೆ ಮೀನು ಕೊಡುವಾಗ ಯಾರಾದರೂ ಏನಾದರೂ ಅಂದರಾ ಎಂದು ಅವಳನ್ನು ಕೇಳುತ್ತೇನೆ. ಕೆಲವು ದಿನ ಹೇಳುತ್ತಾಳೆ, ಕೆಲವು ದಿನ ಹೇಳುವುದಿಲ್ಲ.