ಬೆಂಕಿ ಆರಿಸುವವರ ತಿಥಿಗೆ ಸೋಗೆ ಚಪ್ಪರ

ಎಲ್ಲರಿಗೂ ಬೇಕಾದವರು ಹೋಗಿಬಿಟ್ಟರು ಎಂದು ನಮ್ಮ ಬೀದಿಯೇ ಅತ್ತಿತು. ನಾನು ಅಳಲಿಲ್ಲ. ಎಲ್ಲರಿಗೂ ಬೇಕಾದವರು ಎಂದರೆ ಯಾರಿಗೂ ಬೇಡದ ಮಾತನ್ನು ಗಟ್ಟಿಯಾಗಿ ಆಡದವರು ಎಂದೇ ಅರ್ಥ. ಕಾಲೇಜಿನ ಚರ್ಚಾಕೂಟದಲ್ಲಿ ಈ ವಿಷಯ ಕೊಟ್ಟಿದ್ದರೆ ನಾನು ಸಲೀಸಾಗಿ ಗೆಲ್ಲುತ್ತಿದ್ದೆ.

ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ದಳದಲ್ಲಿದ್ದವರು. ನಿವೃತ್ತರಾದ ಮೇಲೆ ಶಿವಮೊಗ್ಗದಲ್ಲಿ, ನಮ್ಮ ಬೀದಿಯ ಕೊನೆಗೆ, ಒಂದು ಹೆಂಚಿನ ಮನೆ ಕೊಂಡರು. ಬೇಸಿಗೆ ಬಂತೆಂದರೆ ನಮ್ಮವರು ಈ ಮನೆಯ ಸೂರಿನಿಂದ ಎದುರು ಮನೆಯ ಸೂರಿಗೆ ಗಳ ಹಾಕಿ, ಮೇಲೆ ಒಣಗಿದ ಅಡಿಕೆ ಸೋಗೆ ಹೊದಿಸುತ್ತಿದ್ದರು. ನೆರಳಿಗೆ! ಒಂದು ಕಿಡಿ ಬಿದ್ದರೆ ಸಾಕು, ಬೀದಿಯ ಈ ತುದಿಯಿಂದ ಆ ತುದಿಗೆ ಸೇತುವೆ ಸಿದ್ಧ. ಇದನ್ನು ಅವರು ಪ್ರತಿ ಮನೆಯ ಜಗಲಿಯಲ್ಲೂ ಕೂತು ಹೇಳಿದ್ದರು. ಹೇಗೆ? ನಗುತ್ತ, ಬೆಲ್ಲದ ಕಾಫಿ ಕುಡಿಯುತ್ತ. "ಆಯ್ತಣ್ಣಾ, ತೆಗೀತೀವಿ" ಎಂದು ಜನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿಯುತ್ತಿದ್ದರು. ಸೋಗೆ ಮಳೆಗಾಲದವರೆಗೂ ಅಲ್ಲೇ ಇರುತ್ತಿತ್ತು.

"ಮಾವ, ಒಂದ್ಸಲ ಗದರಬಾರ್ದಾ?" ಎಂದು ನಾನು ಅವರನ್ನು ಕೇಳಿದ್ದೆ.

"ಗದರಿದ್ರೆ ಬಾಗ್ಲು ಹಾಕ್ಕೋತಾರೆ ಮಾರಾಯ. ಬೆಂಕಿ ಬಿದ್ದ ದಿನ ನಂಗೆ ಬಾಗ್ಲು ತೆಗ್ದಿರ್ಬೇಕು."

ಕೇಳಲು ಚೆಂದ. ಆದರೆ ಬೆಂಕಿ ಬಿದ್ದ ಮೇಲೆ ತೆರೆಯುವ ಬಾಗಿಲು ಯಾವ ಪುರುಷಾರ್ಥಕ್ಕೆ?

ಅವರು ಬೇಸಿಗೆಯಲ್ಲೇ ತೀರಿಕೊಂಡರು. ತಿಥಿಯ ಊಟಕ್ಕೆ ಬೀದಿಯವರು ಏನು ಮಾಡಿದರು ಗೊತ್ತೆ? ಅವರ ಮನೆಯ ಸೂರಿಗೇ ಕಟ್ಟಿ, ಬೀದಿಯ ಉದ್ದಕ್ಕೂ ಹೊಸ ಸೋಗೆ ಚಪ್ಪರ ಹಾಕಿದರು. ಅದರ ಕೆಳಗೇ ಕಲ್ಲು ಹೂಡಿ ಒಲೆ ಹಚ್ಚಿದರು. ಹೊತ್ತಿಕೊಂಡರೆ ಮೊದಲು ಉರಿಯುವುದು ಆ ಮನೆ. ಮಕ್ಕಳಿಲ್ಲದ ಅವರ ಹೆಂಡತಿಗೆ, ನಾನು ಅತ್ತೆ ಎನ್ನುತ್ತಿದ್ದವರಿಗೆ, ಉಳಿದಿದ್ದದ್ದು ಅದೊಂದೇ.

ಎಲ್ಲಕ್ಕೂ ಮುಂದಾಳು ಅಡಿಕೆ ಮಂಡಿಯ ಯಜಮಾನರು. ಅವರ ಹತ್ತಿರ ವಾದಕ್ಕೆ ನಿಂತೆ.

"ಸತ್ತೋರ ಮನೆ ಮುಂದೂ ಲಾಯರಿಕೆ ಮಾಡ್ತೀಯಲ್ಲೋ! ಬಂದೋರ್ನ ಬಿಸ್ಲಲ್ಲಿ ಕೂರ್ಸಿದ್ರೆ ಅಣ್ಣನ ಆತ್ಮಕ್ಕೆ ಶಾಂತಿ ಸಿಗುತ್ತಾ?"

"ಆತ್ಮ ಇದ್ಯೋ ಇಲ್ವೋ ಆಮೇಲೆ ನೋಡೋಣ. ಒಲೆ ಇರೋದಂತೂ ನಿಜ. ಅದನ್ನ ಆಚೆ ಬಯಲಿಗಾದ್ರೂ ಸಾಗಿಸಿ."

"ಅಲ್ಲಿಂದ ಹೊತ್ತು ತರೋ ಹೊತ್ಗೆ ಸಾರು ತಣ್ಣಗಾಗುತ್ತೆ ಕಣೋ."

ಪಕ್ಕದವರು ನಕ್ಕರು. ವಾದ ಮುಗಿಯಿತು. ನಮ್ಮ ಊರಿನಲ್ಲಿ ಬಿಸಿ ಸಾರಿಗೆ ಎದುರುತ್ತರವಿಲ್ಲ.

ಬೆಳಗಿನ ರೈಲಿಗೆ ಭದ್ರಾವತಿಯಿಂದ ಅವರ ಹಳೆಯ ದಳದವರು ಬಂದಿದ್ದರು. ಮೊದಲ ಪಂಕ್ತಿಗೆ ಕೂತು ಅನ್ನ ಕಲಸುತ್ತಿದ್ದಾಗ ಒಗ್ಗರಣೆಗೆ ಇಟ್ಟಿದ್ದ ಎಣ್ಣೆ ಭಗ್ಗೆಂದು ಹೊತ್ತಿಕೊಂಡಿತು. ಗಾಳಿ ಬೇರೆ. ಸೋಗೆ ಚಟಪಟ ಎಂದಿತು. ಬೀದಿಯವರು ಕೊಡ ಹಿಡಿದು ಬಾವಿಯತ್ತ ಓಡಿದರು. ದಳದವರಲ್ಲಿ ತಮಿಳು ಮನೆಮಾತಿನ ಒಬ್ಬರು ಎಂಜಲು ಕೈಯಲ್ಲೇ ಎದ್ದು ಕೂಗಿದರು: "ತಣ್ಣಿ ಅಪ್ಪುರಂ, ನೀರು ಆಮೇಲೆ! ಮೊದ್ಲು ಕಂಬ ಕೀಳ್ರೋ, ಕಂಬ!" ಅಷ್ಟೂ ಜನ ಎಲೆ ದಾಟಿ ಬಂದು ಕಂಬ ಕಿತ್ತು, ಚಪ್ಪರವನ್ನು ಮನೆಯಿಂದ ದೂರಕ್ಕೆ ಎಳೆದು ಕೆಡವಿ, ಮಣ್ಣೆರಚಿ ತುಳಿದರು. ಅತ್ತೆಯ ಸೂರಿನ ಎರಡು ಪಕಾಸಿ ಮರ ಕಪ್ಪಾದವು, ಅಷ್ಟೇ.

ಕಾರ್ಖಾನೆಯವರು ಬೀಳ್ಕೊಡುವಾಗ ಕೊಟ್ಟಿದ್ದ ಅವರ ಹಿತ್ತಾಳೆಯ ಶಿರಸ್ತ್ರಾಣವನ್ನು ಜಗಲಿಯ ಮೇಲೆ ಕುಂಕುಮ ಹಚ್ಚಿ ಇಟ್ಟಿದ್ದರು. ಮಂಡಿ ಯಜಮಾನರು ಅದಕ್ಕೆ ಕೈಮುಗಿದು, "ನೋಡಿದ್ರಾ, ಅಣ್ಣನೇ ನಿಂತು ಕಾಪಾಡಿದ್ರು!" ಎಂದರು.

"ಕಾಪಾಡಿದ್ದು ಅವ್ರಾದ್ರೆ, ಹಚ್ಚಿದ್ದು ಯಾರು?" ಎಂದೆ.

ಆ ತಮಿಳಿನವರು ಕಣ್ಣೊರೆಸಿಕೊಂಡು ಹೇಳಿದರು: "ಇದನ್ನ ನಮಗೆ ಕಲ್ಸಿದ್ದು ಅವ್ರೇ ತಂಬಿ. ಎಂಥಾ ಬೈಗುಳ ಬೈತಿದ್ರು ಗೊತ್ತಾ? ಅಪ್ಪ ಅಮ್ಮ ಯಾರ್ನೂ ಬಿಡ್ತಿರ್ಲಿಲ್ಲ."

ನನಗೆ ಮೈ ಉರಿಯಿತು. ಬೈಯಲು ಬರುತ್ತಿತ್ತು ಹಾಗಾದರೆ! ತಮ್ಮ ಜನ ಎಂದುಕೊಂಡವರಿಗೆ ಬೈಗುಳ ಕೊಟ್ಟು ಜೀವ ಉಳಿಸಿದರು. ನಮಗೆ ಬರೀ ನಗು ಕೊಟ್ಟು ಹೋದರು.

ಅದೇ ಬೇಸಿಗೆಯಲ್ಲಿ ಯಜಮಾನರ ಮನೆಯಲ್ಲಿ ಮದುವೆ. ಮತ್ತೆ ಸೋಗೆ ಚಪ್ಪರ. ಕಂಬಕ್ಕೆ ಕಟ್ಟಿದರೆ ಅಪಾಯ ಬರದು ಎಂದು ಶಿರಸ್ತ್ರಾಣವನ್ನು ಕೇಳಿಕೊಂಡು ಬಂದರು. ಅತ್ತೆ ಒಳಗಿಂದ ತಂದು ಕೊಟ್ಟೇಬಿಟ್ಟರು.

"ಯಾಕೆ ಕೊಟ್ರಿ ಅತ್ತೆ?" ಎಂದು ರೇಗಿದೆ.

"ಒಯ್ಲಿ ಬಿಡೋ. ಇದ್ದಾಗ್ಲೂ ಅವ್ರನ್ನ ಕೂರಿಸ್ಕೊಳ್ಳೋಕೆ ಕರೀತಿದ್ರು, ಮಾತು ಕೇಳೋಕಲ್ಲ."

ಮದುವೆಯ ದಿನ ನಾನು ಊಟಕ್ಕೆ ಹೋಗಲಿಲ್ಲ. ಸೋಗೆಗೆ ಕಿಡಿ ಹಾರಿದರೆ ಬೇಕು ಎಂದು ಒಲೆಯ ಪಕ್ಕ ಒಂದು ಕೊಳಗ ನೀರು ತುಂಬಿಸಿಟ್ಟು, ಮುಟ್ಟಬೇಡಿ ಎಂದು ಕೂಗಿ ಹೇಳಿ ಬಂದೆ. ಸ್ವಲ್ಪ ಹೊತ್ತಿಗೆ ಜಗಲಿಯಿಂದ ನೋಡಿದರೆ ಯಾರೋ ಅದರಲ್ಲಿ ಬಾಳೆಯೆಲೆ ತೊಳೆಯುತ್ತಿದ್ದರು.