ಗದ್ದ ನೋಡುವ ಸುಮಂಗಲಕ್ಕ

ಎಲ್ಲರೂ ಮಾತಾಡಿಸುವಾಗ ಕಣ್ಣು ನೋಡುತ್ತಾರೆ, ಸುಮಂಗಲಕ್ಕ ಗದ್ದ ನೋಡುತ್ತಿದ್ದಳು. ಹೊಸಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕರೂ ಅಷ್ಟೇ. ಕೈಯಲ್ಲಿ ಮೆಂತ್ಯೆ ಕಟ್ಟು, ಕಣ್ಣು ಮಾತ್ರ ನನ್ನ ಗದ್ದದ ಮೇಲೆ. "ಕಿತ್ತೀಯೇನ್ಲೇ?" ಎಂದು ಅಷ್ಟು ಜನರ ನಡುವೆ ಕೇಳಿಬಿಡುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು ನನಗೆ.

ಬಸ್ ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲೆ ಅವಳದೊಂದು ಕೋಣೆ. ಒರಗುವ ಕುರ್ಚಿ, ಭೂತಗನ್ನಡಿ ಕೂರಿಸಿದ ದೀಪ, ಸಣ್ಣದೊಂದು ಕರೆಂಟ್ ಮಿಷನ್, ಕೂದಲಿನಷ್ಟೇ ತೆಳ್ಳಗಿನ ಸೂಜಿ. ಮುಖದ ಮೇಲಿನ ಕೂದಲನ್ನು ಮತ್ತೆ ಬಾರದಂತೆ ತೆಗೆಯುವುದು ಅವಳ ಕೆಲಸ. ಯಾರಾದರೂ ಬ್ಯೂಟಿ ಪಾರ್ಲರ್ ಎಂದರೆ ಉರಿದು ಬೀಳುತ್ತಿದ್ದಳು. ಸೂಜಿ ಹಿಡಿಯುವ ದಿನ ಬೆಳಗಿನಿಂದ ಚಹಾ ಮುಟ್ಟುತ್ತಿರಲಿಲ್ಲ. "ಚಾ ಕುಡದ್ರ ಕೈ ನಡಗ್ತಾವು. ಕೈ ನಡಗಿದ್ರ ನಿನ್ನ ಮುಖ ಸುಡ್ತೈತಿ," ಎನ್ನುತ್ತಿದ್ದಳು.

ನಾನು ಕಂಪ್ಲಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು. ಗದ್ದದ ತುಂಬ ಗಂಡಸರ ಹಾಗೆ ಕೂದಲು. ಹಾರ್ಮೋನಿನ ಏರುಪೇರಿಗೆ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಆಗಲೇ ಬಂದು ಕೂತ ಕೂದಲು ಅದಕ್ಕೆ ಹೋಗುವಂತಿರಲಿಲ್ಲ. ನಮ್ಮ ಮನೆಯ ಮದ್ದೇ ಬೇರೆ. ಅಪ್ಪನ ಅಕ್ಕ, ನಮ್ಮ ಅತ್ತೆ, ದೇವರ ಜಗಲಿಯ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಕೂದಲು ಜಾರದಂತೆ ಬೆರಳಿಗೆ ಹಚ್ಚಿಕೊಂಡು ಒಂದೊಂದೇ ಕೀಳುತ್ತಿದ್ದಳು. ನೋವಿಗೆ ಕಣ್ಣೀರು ಬಂದರೆ "ಶಿವ ಶಿವಾ ಅನ್ನು" ಎನ್ನುತ್ತಿದ್ದಳು. ಸ್ವಲ್ಪ ದಿನ ಕಳೆದರೆ ಕೂದಲು ಮತ್ತೆ ಹಾಜರು.

ಮೊದಲ ದಿನವೇ ಸುಮಂಗಲಕ್ಕನಿಗೆ ಭೂತಗನ್ನಡಿಯಲ್ಲಿ ಬಿಳಿ ಪುಡಿ ಕಂಡಿತು.

"ವಿಭೂತಿ ಹಣಿಗೆ ಹಚ್ಚೋದವ್ವಾ, ಗದ್ದಕ್ಕ್ಯಾಕ ಬಂತು? ನಿಮ್ಮೂರಾಗ ಕಬ್ಬು ಕಡಿದ ಮ್ಯಾಲೆ ಕೂಳೆ ಒಡೆಯಂಗಿಲ್ಲೇನು? ಇದೂ ಹಂಗ. ಕೂದ್ಲ ಕಿತ್ರ ಕೂದ್ಲಷ್ಟ ಕೈಗೆ ಬರ್ತೈತಿ, ಅದರ ಮನಿ ಒಳಗ ಹಂಗ ಇರ್ತೈತಿ. ತಳದಾಗ ಅದಕ್ಕ ರಕ್ತದ ಊಟ ಹಾಕೋ ಗಡ್ಡಿ ಒಂದು. ಅದಕ್ಕಿಂತ ಮ್ಯಾಲೆ, ಪಕ್ಕದಾಗ, ಹೊಸ ಮೊಳಕಿ ಕಾಯ್ದಿಟ್ಟ ಜಾಗ ಒಂದು. ಎರಡೂ ಸಾಯಬೇಕು. ಒಂದು ಉಳೀತಂದ್ರ ನಂದೂ ನಿಂದೂ ಕಷ್ಟ ದಂಡ."

ಆಮೇಲೆ ಹಾಕಿದಳು ಷರತ್ತು. ಇನ್ನು ಕೀಳುವಂತಿಲ್ಲ. ಕೂದಲು ಅಕ್ಕಿ ಕಾಳಿನಷ್ಟಾದರೂ ಬೆಳೆದು ಹೊರಗೆ ಕಾಣಬೇಕು. ಅದರ ಪಕ್ಕದಲ್ಲೇ ಸೂಜಿ ಇಳಿದು ಬೇರು ಮುಟ್ಟಬೇಕು. ಹೋಗಬೇಕಾದದ್ದನ್ನು ಮೊದಲು ಊರಿಗೆಲ್ಲ ತೋರಿಸಿಕೊಂಡು ತಿರುಗಬೇಕಂತೆ! ನಾನು ದುಪಟ್ಟಾ ಗದ್ದದವರೆಗೂ ಎಳೆದುಕೊಂಡು ಪಾಠ ಮಾಡಿದೆ, ವಾರಕ್ಕೊಮ್ಮೆ ಹೋಗಿ ಬೆಳೆದಷ್ಟಕ್ಕೆ ಸೂಜಿ ಹಾಕಿಸಿಕೊಂಡೆ.

ಅಷ್ಟರಲ್ಲಿ ಸಂಡೂರಿನಿಂದ ಹೆಣ್ಣು ನೋಡಲು ಬರುತ್ತಾರೆಂದು ಗೊತ್ತಾಯಿತು. ಓಡಿದೆ ಹೊಸಪೇಟೆಗೆ.

"ಅಕ್ಕಾ, ಐತವಾರ ನೋಡಾಕ ಮನಿಗೆ ಬರ್ತಾರ, ಕರೆಂಟ್ ಜಾಸ್ತಿ ಮಾಡ್ರಿ. ಎಲ್ಲಾ ಒಮ್ಮೆಲೆ ಸುಟ್ಟುಬಿಡ್ರಿ."

"ಸುಟ್ಟ ಕಲಿ ಬೀಳ್ತಾವ ಮುಖದ ಮ್ಯಾಲೆ, ಜೀವನಪರ್ಯಂತ. ಅಲ್ಲದ ಎಲ್ಲಾ ಒಮ್ಮೆಲೆ ಎದ್ದಿರಂಗಿಲ್ಲ ಲೇ. ಒಂದಿಷ್ಟು ಮಲಗಿರ್ತಾವ, ಬೇರಿನಿಂದ ಬಿಟ್ಟು ಮ್ಯಾಲೆ ಸರದಿರ್ತಾವ. ಅವು ಏಳೋತನಕ ಕಾಯಬೇಕು. ನಾ ಅವಸರದ ಕೆಲಸ ಮಾಡಂಗಿಲ್ಲ."

ಕೋಪದಲ್ಲಿ ಏನೇನೋ ಅಂದು ಬಂದೆ.

ನೋಡಲು ಬರುವ ದಿನ ಅತ್ತೆ ಬೆಳಿಗ್ಗೆಯೇ ವಿಭೂತಿ ಬಟ್ಟಲು ಹಿಡಿದು ಕೂತಳು. "ಬಾ ಇಲ್ಲಿ. ಇವತ್ತೊಂದಿನ ಕಿತ್ರ ಏನೂ ಆಗಂಗಿಲ್ಲ." ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಮ್ಮ ಅಳತೊಡಗಿದಳು. ಕಿತ್ತರೆ ಇಷ್ಟು ದಿನ ಮುಖ ಮುಚ್ಚಿಕೊಂಡು ತಿರುಗಿದ್ದೆಲ್ಲ ನೀರುಪಾಲು. ಕೀಳದಿದ್ದರೆ ಸಂಬಂಧ ಹೋದಂತೆ. ಅತ್ತೆಯ ಬೆರಳು ಗದ್ದಕ್ಕೆ ತಾಗಿಯೇಬಿಟ್ಟಿತ್ತು, ಹೊರಗೆ ಆಟೋ ನಿಂತ ಸದ್ದಾಯಿತು. ಗಂಡಿನ ಕಡೆಯವರು ಇಷ್ಟು ಬೇಗ ಬಂದರೇ ಎಂದುಕೊಂಡೆ. ಒಳಗೆ ಬಂದವಳು ಸುಮಂಗಲಕ್ಕ. ಕೈಯಲ್ಲಿ ಸಣ್ಣ ಕತ್ತರಿ.

"ಕೈ ತೆಗೀರಿ ಅತ್ತಿಯವರ. ಕತ್ರಿ ಹಾಕಿದ್ರ ಬೇರಿಗೆ ಗೊತ್ತಾಗಂಗಿಲ್ಲ," ಎಂದು ಕಿಟಕಿಯ ಬೆಳಕಿಗೆ ನನ್ನ ಗದ್ದ ತಿರುಗಿಸಿ ಕತ್ತರಿಸಿದಳು. ಕೂದಲೇನೋ ಹೋಯಿತು, ಕತ್ತರಿಸಿದ ಬುಡದ ಹಸಿರು ನೆರಳು ಮತ್ತು ಸೂಜಿಯ ಕೆಂಪು ಚುಕ್ಕೆ ಉಳಿದವು.

ಹುಡುಗನ ತಾಯಿ ಶಿರಾ ಬಾಯಿಗಿಡುವ ಮೊದಲೇ ಕೇಳಿದರು: "ಗದ್ದಕ್ಕ ಏನಾಗೈತಿ? ಕಜ್ಜಿ ಏನು?"

ಅಮ್ಮ ಸೆರಗು ಕಚ್ಚಿದಳು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. ನಾನೇ ಹೇಳಿದೆ: "ಗಡ್ಡ ಬರ್ತೈತ್ರಿ. ತೆಗಿಸ್ಲಿಕತ್ತೀನಿ."

ಹುಡುಗನ ತಾಯಿ ಶಿರಾ ತಟ್ಟೆ ಕೆಳಗಿಟ್ಟರು. ಫೋನ್ ಮಾಡುತ್ತೇವೆ ಎಂದು ಎದ್ದು ಹೋದರು. ಫೋನ್ ಬರಲಿಲ್ಲ.

ಮುಂದಿನ ಸಲ ಹೋದಾಗ ಸುಮಂಗಲಕ್ಕ ಕೇಳಿದಳು, "ನಾನೇ ಕೆಡಿಸಿದೆ ಅಂತಾರೇನು ಮನ್ಯಾಗ?"

"ಹೌದ್ರಿ."

"ಅನ್ಲಿ. ಬಾಯಿ ಮುಚ್ಕೊಂಡು ಮಕ್ಕೊ, ಗದ್ದ ಅಳ್ಳಾಡಬಾರ್ದು."

ಆಮೇಲೆ ಬಹಳ ಕಾಲ ಹೋದೆ. ಸೂಜಿ ಮುಟ್ಟಿದ ಕೂದಲು ಚಿಮಟಕ್ಕೆ ಸುಮ್ಮನೆ ಜಾರಿ ಬಂದರೆ ಬೇರು ಸತ್ತಿದೆ ಎಂದರ್ಥ. ಚೂರು ಬಿಗಿ ಹಿಡಿದರೂ ಸತ್ತಿಲ್ಲ. ಜಾರಿ ಬಂದದ್ದನ್ನು ಬೆಳಕಿಗೆ ಹಿಡಿದು "ಹೋತ್ ನೋಡಲೇ ಮಸ್ತ್!" ಎಂದು ಹಿಗ್ಗುತ್ತಿದ್ದಳು. ನನ್ನ ಗದ್ದ ನುಣ್ಣಗಾಯಿತು. ನನ್ನ ಮದುವೆಯಾಯಿತೇ ಎಂದು ಕೇಳಬೇಡಿ, ಇದು ಅವಳ ಕಥೆ.

ಕೊನೆಯ ಸಲ ಹೋದಾಗ ಎಡ ದವಡೆಯ ಕೆಳಗೆ ಒಂದೇ ಒಂದು ಉಳಿದಿತ್ತು. ಸೂಜಿ ಹತ್ತಿರ ಬಂತು. ಅದರ ತುದಿ ಭೂತಗನ್ನಡಿಯ ಕೆಳಗೆ ನಡುಗುತ್ತಿತ್ತು. ಅವಳು ಕೈ ಹಿಂದೆಳೆದು, ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದು ಮತ್ತೆ ತಂದಳು. ಆಗಲೂ ತುದಿ ನಿಲ್ಲಲಿಲ್ಲ.

"ಚಾ ಕುಡದಿಲ್ಲ ಲೇ, ನಿನ್ನಾಣಿ," ಎಂದಳು, ಮಿಷನ್ನಿನ ಸ್ವಿಚ್ ಆರಿಸಿ. "ಇದೊಂದು ಇರ್ಲಿ. ಕೀಳಬ್ಯಾಡ, ಕತ್ರಿ ಹಾಕು. ಕೈ ಸುಧಾರಿಸಿದ ಮ್ಯಾಲೆ ತೆಗೀತೀನಿ."

ಮತ್ತೆ ಹೋದಾಗ ಕೋಣೆಗೆ ಬೀಗ. ಗಾದಿಗನೂರಿನ ತಂಗಿಯ ಮನೆಯಲ್ಲಿ ತೀರಿಕೊಂಡಳೆಂದು ಝೆರಾಕ್ಸ್ ಅಂಗಡಿಯವರು ಹೇಳಿದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆ ಕೂದಲು ಈಗಲೂ ಬರುತ್ತದೆ. ಅದನ್ನು ಕಂಡರೆ ಅತ್ತೆಯ ಬೆರಳು ತುರಿಸುತ್ತವೆ, ನಾನು ಮುಟ್ಟಗೊಡುವುದಿಲ್ಲ. ಬಳ್ಳಾರಿಗೆ ಹೋದರೆ ಯಾರಾದರೂ ಸುಟ್ಟು ಕೊಟ್ಟಾರು, ಹೋಗಿಲ್ಲ. ಅಕ್ಕಿ ಕಾಳಿನಷ್ಟು ಬೆಳೆಯಲು ಬಿಡುತ್ತೇನೆ, ಕನ್ನಡಿಯಲ್ಲಿ ನೋಡುತ್ತೇನೆ, ಕತ್ತರಿ ಹಾಕುತ್ತೇನೆ. ಇಲ್ಲಿಯವರೆಗೆ ಒಮ್ಮೆಯೂ ಕಿತ್ತಿಲ್ಲ.