ಸಿಂಹಾಸನ ಹೊತ್ತ ರಕ್ಕಸ

ನನ್ನಪ್ಪ ಯಾದ್ಗಾರ್, ಶಿರಾಜ್ ಪಟ್ಟಣದ ಕೋಟೆ ಬಾಗಿಲಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದ. ಹೊರೆ ಹೊತ್ತು ಹೊತ್ತು ಅವನ ಎಡ ಹೆಗಲು ಕುಸಿದಿತ್ತು. ಕೆಳದವಡೆ ಮುಂದಕ್ಕೆ ಚಾಚಿ, ಎರಡು ಹಲ್ಲು ಮೇಲ್ತುಟಿಯ ಮೇಲೆ ಬಂದು ಕೂತಿದ್ದವು. ಹುಬ್ಬಿನ ಮೇಲೊಂದು ಗಂಟು. ನೋಡುವುದಕ್ಕೆ ಹೀಗಿದ್ದವನು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಒಣದ್ರಾಕ್ಷಿ ಸಿಕ್ಕ ದಿನ ಅರ್ಧ ನನಗೆ, ಅರ್ಧ ಬಾಗಿಲ ಬಳಿಯ ಕತ್ತೆಗಳಿಗೆ. ಅಮ್ಮ ಬೈದರೆ, "ಹೊರೋರೆಲ್ಲ ಒಂದೇ ಜಾತಿ ಕಣೇ" ಅನ್ನುತ್ತಿದ್ದ.

ಮಗ ಹೊರೆ ಹೊರಬಾರದು ಎಂದು ಅವನ ಹಟ. ಪುಸ್ತಕಗಳಿಗೆ ಚಿತ್ರ ಬರೆಯುವ ಚಿತ್ರಶಾಲೆಯ ಉಸ್ತಾದರ ಕಾಗದದ ಮೂಟೆಗಳನ್ನು ಎರಡು ವರ್ಷ ಬಿಟ್ಟಿ ಹೊತ್ತು, ಕೈಕಾಲು ಹಿಡಿದು, ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ.

ದಿನಾ ಮಧ್ಯಾಹ್ನ ರೊಟ್ಟಿ, ಮೊಸರು, ಒಂದು ಕಟ್ಟು ಹಸಿ ಸೊಪ್ಪು ತಂದು ಹೊಸ್ತಿಲಾಚೆ ನಿಲ್ಲುತ್ತಿದ್ದ. ನನ್ನ ಪಕ್ಕ ಕೂತು ಗೆರೆ ಹಾಕುತ್ತಿದ್ದ ನಜ್ಮ್, "ಲೋ ಖುರ್ರಂ, ನಿಮ್ಮನೆ ದೀವ್ ಬಂತು ನೋಡೋ" ಎನ್ನುತ್ತಿದ್ದ. ದೀವ್ ಎಂದರೆ ನಮ್ಮ ಕಥೆಗಳ ರಕ್ಕಸ; ಬಾ ಎಂದರೆ ಹೋಗುವವನು, ಬಿಡು ಎಂದರೆ ಹಿಡಿಯುವವನು. ನಜ್ಮನ ಕೆನ್ನೆಗೆ ಬಾರಿಸಬೇಕಿತ್ತು. ನಾನೂ ನಕ್ಕೆ. ಅಷ್ಟೇ ಅಲ್ಲ, "ಬುತ್ತಿ ಮೆಟ್ಟಿಲ ಮೇಲಿಟ್ಟು ಹೋಗಪ್ಪ, ಒಳಗೆ ಇಣುಕಬೇಡ" ಎಂದೆ. ಅವನು ಹಾಗೇ ಮಾಡಿದ.

ಕಲಿಯುವವರಿಗೆ ಮೊದಲು ಸಿಗುವುದು ರಕ್ಕಸರೇ. ರಾಜಕುಮಾರನ ಮುಖ ಕೆಟ್ಟರೆ ಪುಸ್ತಕ ಕೆಟ್ಟಿತು, ರಕ್ಕಸನ ಮುಖ ಎಷ್ಟು ಕೆಟ್ಟರೂ ನಷ್ಟವಿಲ್ಲ. ಉಸ್ತಾದರು ನನಗೆ ರಾಜನ ಸಿಂಹಾಸನ ಹೊತ್ತ ರಕ್ಕಸನನ್ನು ಬರೆಯಲು ಕೊಟ್ಟರು. ನಜ್ಮನನ್ನು ನಗಿಸಲೆಂದು ನಾನು ಅಪ್ಪನನ್ನೇ ಬರೆದೆ. ಅದೇ ದವಡೆ, ಅದೇ ಹಲ್ಲು, ಅದೇ ಗಂಟು, ಕುಸಿದ ಹೆಗಲು. ಮೇಲೆ ಎರಡು ಕೊಂಬು, ಕೆಳಗೊಂದು ಬಾಲ. ಚಿತ್ರಶಾಲೆ ಇಡೀ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಲಸ ಬಿಟ್ಟರೆ ಕೆಲಸಗಾರರ, ಹಮಾಲರ ಮುಖ ನೋಡದ ಉಸ್ತಾದರಿಗೆ ನಗುವಿನ ಕಾರಣ ಗೊತ್ತಾಗಲಿಲ್ಲ. "ಇದಕ್ಕೆ ಜೀವ ಇದೆ ಕಣೋ" ಎಂದು ತೆಳು ಜಿಂಕೆ ಚರ್ಮದ ಮೇಲೆ ಆ ರೂಪವನ್ನು ಸೂಜಿಯಿಂದ ಚುಚ್ಚಿಸಿದರು. ಚರ್ಮವನ್ನು ಹಾಳೆಯ ಮೇಲಿಟ್ಟು ಇದ್ದಲಪುಡಿಯ ಗಂಟಿನಿಂದ ತಟ್ಟಿದರೆ ಅದೇ ರೂಪ ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ. ಹೀಗೆ ನನ್ನಪ್ಪ ಒಂಬತ್ತು ಪುಸ್ತಕಗಳಲ್ಲಿ ರಕ್ಕಸನಾದ.

"ನೀನು ಬರೆದಿದ್ದು ಒಂದಾದ್ರೂ ತೋರ್ಸೋ ಮಗಾ" ಎಂದು ಅವನು ಕೇಳಿದಾಗಲೆಲ್ಲ, ಪುಸ್ತಕ ಹೊಲಿಗೆಗೆ ಹೋಗಿದೆ ಎನ್ನುತ್ತಿದ್ದೆ.

ಒಂದು ದಿನ ದೊಡ್ಡ ಮನೆಯೊಂದರಿಂದ ದುರಸ್ತಿಗೆ ಪುಸ್ತಕಗಳ ಪೆಟ್ಟಿಗೆ ಬಂತು. ಹೊತ್ತು ತಂದವನು ಅಪ್ಪ. ಪುಸ್ತಕಗಳನ್ನು ವಾಪಸು ಒಯ್ಯಬೇಕಿದ್ದರಿಂದ ಅವನು ಒಳಗೇ ನಿಂತ. ಉಸ್ತಾದರು ಬಿಚ್ಚಿದ ಪುಸ್ತಕದಲ್ಲಿ ನನ್ನ ಸಿಂಹಾಸನದ ರಕ್ಕಸನಿದ್ದ. ಮಕ್ಕಳಿಗೆ ರಕ್ಕಸನ ದೃಷ್ಟಿ ತಾಗೀತೆಂದು ಆ ಮನೆಯ ಹೆಂಗಸರು ಅವನ ಮುಖವನ್ನು ಸೂಜಿಯಿಂದ ಕೆರೆದು ಹಾಕಿದ್ದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಾರೆ.

"ಖುರ್ರಂ, ಆ ಚರ್ಮ ತಗೊಂಡು ಬಾ. ಮುಖ ಮತ್ತೆ ಬರಿ" ಎಂದರು ಉಸ್ತಾದರು.

"ನಾಳೆ ಮಾಡ್ತೀನಿ ಉಸ್ತಾದ್."

"ನಾಳೆ ಯಾಕೆ? ಹೊತ್ಕೊಂಡು ಹೋಗೋನು ಇಲ್ಲೇ ನಿಂತಿದಾನಲ್ಲ."

"ಮಾಡು ಮಗಾ, ನಾನೂ ನೋಡ್ತೀನಿ" ಎಂದ ಅಪ್ಪ. ಹಿಗ್ಗಿನಿಂದ ನನ್ನ ಬೆನ್ನ ಹಿಂದೆ ಬಂದು ನಿಂತ.

ಹಾಳೆಗೆ ತೇಪೆ ಹಾಕಿ, ಚರ್ಮವಿಟ್ಟು ತಟ್ಟಿದೆ. ಕುಂಚದಿಂದ ಚುಕ್ಕಿ ಕೂಡಿಸಿದೆ. ಅಪ್ಪನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅವನು ಬಗ್ಗಿ ಆ ಮುಖವನ್ನೇ ದಿಟ್ಟಿಸಿದ. ಮುಗಿಯಿತು, ಗೊತ್ತಾಯಿತು ಎಂದುಕೊಂಡೆ.

"ನಮ್ಮಪ್ಪ ಕಣೋ ಇದು" ಎಂದ.

ನಮ್ಮ ಮನೆಯಲ್ಲಿ ಕನ್ನಡಿ ಇರಲಿಲ್ಲ. ಅವನು ತನ್ನ ಮುಖ ನೋಡಿಕೊಂಡಿದ್ದರೆ ಬಾವಿಕಟ್ಟೆಯ ಕದಡಿದ ನೀರಿನಲ್ಲಿ ನೋಡಿಕೊಂಡಿರಬೇಕು, ಅಷ್ಟೇ.

"ನೀನು ಹುಟ್ಟೋಕೆ ಮುಂಚೇನೇ ಹೋದ್ನಲ್ಲೋ. ನಿನ್ನ ಕೈಗೆ ಹೆಂಗೆ ಬಂದ?"

"ಕೊಂಬಿದೆಯಲ್ಲಪ್ಪ. ರಕ್ಕಸ ಅದು."

"ಇದ್ರೆ ಇರ್ಲಿ ಬಿಡು. ಆ ಹೆಗಲು ನೋಡು, ಹಿಂಗೇ ಬಾಗ್ತಿತ್ತು. ಇಡೀ ಸಿಂಹಾಸನ ಹೊತ್ತಿದಾನೆ, ಒಂದು ಮಾತಾಡ್ತಿಲ್ಲ." ಅಂಗಿಗೆ ಕೈ ಒರೆಸಿಕೊಂಡ. ಆದರೂ ಹಾಳೆ ಮುಟ್ಟಲಿಲ್ಲ. "ಇವ್ನ ಮುಖ ಯಾಕೆ ಕೆರೆದ್ರು? ಅವ್ರಿಗೇನು ಮಾಡಿದ್ದ ಇವ್ನು?"

ಆಗಲಾದರೂ ನಿಜ ಹೇಳಿ ಕಾಲಿಗೆ ಬೀಳಬಹುದಿತ್ತು. "ಹೌದಪ್ಪ, ತಾತನೇ" ಎಂದೆ. ನಜ್ಮ್ ನಗದೆ ಎದ್ದು ಹೊರಗೆ ಹೋದ.

ಅಪ್ಪ ಪೆಟ್ಟಿಗೆ ಒಯ್ಯುವ ಮುಂಚೆ ಉಸ್ತಾದರಲ್ಲಿ ಒಂದು ದಿನದ ಗಡುವು ಬೇಡಿದ, ಬಣ್ಣ ಒಣಗಲಿ ಎಂದು. ಮರುದಿನ ಬೆಳಿಗ್ಗೆ ಕೋಟೆ ಬಾಗಿಲ ಹಮಾಲರಲ್ಲಿ ಮೂವರನ್ನು ಕರೆದುಕೊಂಡು ಬಂದ. ಕೈಕಾಲು ತೊಳೆದು, ಒಗೆದ ಬಟ್ಟೆ ಉಟ್ಟು ಬಂದಿದ್ದರು. "ನಮ್ಮಪ್ಪನ್ನ ತೋರ್ಸು ಮಗಾ ಇವ್ರಿಗೆ" ಎಂದ.

ಹಾಳೆ ಬಿಚ್ಚಿದೆ. ಮೂವರೂ ಚಿತ್ರ ನೋಡಿದರು. ಆಮೇಲೆ ಅಪ್ಪನ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಅವರಲ್ಲಿ ಹಿರಿಯ ಶೀರ್‌ಜಾದ್. ಕಾಜರೂನ್ ಎಂಬ ಬೇರೆ ಊರಿನವನು, ತಾತ ಸತ್ತು ಎಷ್ಟೋ ವರ್ಷದ ಮೇಲೆ ಶಿರಾಜಿಗೆ ಬಂದವನು. ಅವನು ಅಪ್ಪನ ಬೆನ್ನಿನ ಮೇಲೆ ಕೈಯಿಟ್ಟು, "ಹೌದು ಯಾದ್ಗಾರ್, ನಿಮ್ಮಪ್ಪನೇ. ನಂಗೆ ಚೆನ್ನಾಗಿ ನೆನಪಿದೆ" ಎಂದ.

ಹೊರಡುವಾಗ ನಾನು ಸಲಾಂ ಎಂದೆ. ಶೀರ್‌ಜಾದ್ ಅಪ್ಪನ ತೋಳು ಹಿಡಿದು ಹೊಸ್ತಿಲು ದಾಟಿಸಿಕೊಂಡು ಹೋದ, ನನಗೆ ತಿರುಗಿ ಸಲಾಂ ಹೇಳಲಿಲ್ಲ.